ಪದಚರ್ಚೆ: ‘ಆಕ್ರಮಿತ’ ಅಂದರೆ ನುಗ್ಗಿದ್ದೋ, ಕೂತದ್ದೋ? (ಸೈಪ್ರಸ್ ಬರಹಕ್ಕಾಗಿ)

ಎಲ್ಲರಿಗೂ ನಮಸ್ಕಾರ.

ಸೈಪ್ರಸ್ ಬಗ್ಗೆ ಒಂದು ಉದ್ದನೆಯ ಬರಹ ಸಿದ್ಧ ಮಾಡುತ್ತಿದ್ದೇನೆ. 1974ರಿಂದ ಅಲ್ಲೇ ಇರುವ ಟರ್ಕಿ ಸೇನೆ, 1997ರಲ್ಲಿ ರಷ್ಯಾದಿಂದ ತರಿಸಲು ಹೊರಟ ಕ್ಷಿಪಣಿಗಳು, ಈ ಎರಡರ ಸುತ್ತ ನಡೆದ ರಾಜತಾಂತ್ರಿಕ ಹಗ್ಗಜಗ್ಗಾಟ, ಇದು ಅದರ ವಸ್ತು. ಕತೆ ಹೇಳಿಕೊಂಡು ಹೋಗುವುದು ಕಷ್ಟವಿಲ್ಲ. ವಿಶ್ವಸಂಸ್ಥೆಯ ನಿರ್ಣಯಗಳ ಸಾಲು ಬಂದಾಗ ಮಾತ್ರ ಕೈ ನಿಲ್ಲುತ್ತದೆ. ಆ ಸಾಲುಗಳಲ್ಲಿ ಒಂದೊಂದು ಪದಕ್ಕೂ ಯಾರೋ ಗಂಟೆಗಟ್ಟಲೆ ಜಗಳವಾಡಿರುತ್ತಾರೆ. ನಾವು ಕನ್ನಡದಲ್ಲಿ ಎಲ್ಲಕ್ಕೂ ಒಂದೇ ಪದ ಹಾಕಿ ಮುಂದೆ ಹೋಗುತ್ತೇವೆ.

ಮೊದಲ ತೊಡಕು ‘ಆಕ್ಯುಪೇಶನ್’. ನಮ್ಮ ಪತ್ರಿಕೆಗಳಲ್ಲಿ ಇದಕ್ಕೆ ಆಕ್ರಮಿತ, ಆಕ್ರಮಣ. ‘ಪಾಕ್ ಆಕ್ರಮಿತ ಕಾಶ್ಮೀರ’ ಎಂದು ಓದಿ ಓದಿ ನಮಗದು ಬಾಯಿಪಾಠವಾಗಿದೆ. ಸರಿ. ಆದರೆ ‘ಇನ್ವೇಷನ್’ಗೂ ಆಕ್ರಮಣವೇ, ‘ಅಗ್ರೆಷನ್’ಗೂ ಆಕ್ರಮಣವೇ. ಕ್ರಿಕೆಟ್ಟಿನ ಆಕ್ರಮಣಕಾರಿ ಬ್ಯಾಟಿಂಗ್ ಬೇರೆ ಇದೆ, ಅದನ್ನು ಬಿಡಿ. ಸೇನೆ ಗಡಿ ದಾಟಿ ನುಗ್ಗಿದ ದಿನಕ್ಕೂ, ನುಗ್ಗಿದ ಮೇಲೆ ಐವತ್ತು ವರ್ಷ ಕೂತದ್ದಕ್ಕೂ ಒಂದೇ ಹೆಸರು ಸಾಕಾ?

ಸೈಪ್ರಸ್‌ನಲ್ಲಿ ಸಾಕಾಗುವುದಿಲ್ಲ. ಯಾಕೆಂದರೆ ಅಲ್ಲಿಯ ಇಡೀ ವಾದ ನಿಂತಿರುವುದೇ ಈ ಎರಡರ ನಡುವೆ. 1974ರ ಜುಲೈ 15ಕ್ಕೆ ಗ್ರೀಸಿನ ಸೇನಾ ಸರ್ಕಾರದ ಕುಮ್ಮಕ್ಕಿನಿಂದ ಸೈಪ್ರಸ್ ಅಧ್ಯಕ್ಷ ಮಕಾರಿಯೋಸ್ ವಿರುದ್ಧ ಕ್ಷಿಪ್ರಕ್ರಾಂತಿ ನಡೆಯಿತು. ಐದೇ ದಿನಕ್ಕೆ, ಜುಲೈ 20ರಂದು, ಟರ್ಕಿ ಸೇನೆ ದ್ವೀಪದ ಉತ್ತರದಲ್ಲಿರುವ ಕಿರೇನಿಯಾ ಊರಿನ ಹತ್ತಿರದ ತೀರದಲ್ಲಿ ಇಳಿಯಿತು. ಸೈಪ್ರಸ್‌ನ ಸ್ವಾತಂತ್ರ್ಯಕ್ಕೆ ಜಾಮೀನು ನಿಂತ 1960ರ ಗ್ಯಾರಂಟಿ ಒಪ್ಪಂದದ 4ನೇ ಕಲಮಿನ ಪ್ರಕಾರ ನಮಗೆ ಆ ಹಕ್ಕಿತ್ತು ಎನ್ನುವುದು ಟರ್ಕಿಯ ಮಾತು. ಬ್ರಿಟನ್, ಗ್ರೀಸ್, ಟರ್ಕಿ ಮೂರೂ ಆ ಒಪ್ಪಂದದ ಜಾಮೀನುದಾರರು. ಆದರೆ ಕಲಮಿನಲ್ಲಿ ಇರುವುದು ‘ಮೊದಲಿದ್ದ ವ್ಯವಸ್ಥೆಯನ್ನು ಮತ್ತೆ ತರುವ ಒಂದೇ ಉದ್ದೇಶಕ್ಕೆ’ ಎಂದು. ಅಷ್ಟರಲ್ಲಿ ಕ್ರಾಂತಿ ಮಾಡಿದವರೂ ಬಿದ್ದರು, ಗ್ರೀಸಿನ ಸೇನಾ ಸರ್ಕಾರವೂ ಬಿತ್ತು. ಆಮೇಲೆ ಆಗಸ್ಟ್ 14ಕ್ಕೆ ಎರಡನೇ ಸುತ್ತು. ದ್ವೀಪದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನೆಲ ಕೈಗೆ ಬಂತು, ಸೇನೆ ಅಲ್ಲೇ ಉಳಿಯಿತು.

‘ಬಂದದ್ದಕ್ಕೆ ಏನೋ ಕಾರಣವಿತ್ತು ಅನ್ನೋಣ, ಕೂತದ್ದಕ್ಕೆ ಏನು ಕಾರಣ?’ ಎಂದು ಯಾರಾದರೂ ವಾದ ಮಾಡಬಹುದು, ಅಲ್ವಾ? ಎರಡಕ್ಕೂ ಆಕ್ರಮಣ ಎಂದೇ ಬರೆದರೆ ಆ ವಾದವನ್ನು ಕನ್ನಡದಲ್ಲಿ ಹೇಳಲಿಕ್ಕೇ ಆಗುವುದಿಲ್ಲ. ಗ್ರೀಕರ ಬಳಿ ಎರಡು ಪದ ಇವೆ. ನುಗ್ಗಿದ್ದಕ್ಕೆ ‘ಇಸ್ವೊಲಿ’, ಹಿಡಿದುಕೊಂಡು ಕೂತದ್ದಕ್ಕೆ ‘ಕತೋಹಿ’. ಟರ್ಕಿಯವರು ಎರಡನ್ನೂ ಒಪ್ಪುವುದಿಲ್ಲ. ಅವರಿಗೆ ಅದು ‘ಶಾಂತಿ ಕಾರ್ಯಾಚರಣೆ’.

ವಿಶ್ವಸಂಸ್ಥೆಯ ಕಾಗದ ನೋಡಿ. 1974ರ ನವೆಂಬರ್ 1ರಂದು ಸಾಮಾನ್ಯ ಸಭೆ 3212ನೇ ನಿರ್ಣಯ ಮಾಡಿತು. ‘ಎಲ್ಲ ವಿದೇಶಿ ಸಶಸ್ತ್ರ ಪಡೆಗಳು’ ಬೇಗ ವಾಪಸಾಗಲಿ ಎಂದಿತು. ವಿರೋಧ ಒಂದೂ ಇಲ್ಲ, ಟರ್ಕಿಯೂ ಕೈ ಎತ್ತಿತು. ವಿದೇಶಿ ಪಡೆ ಅಂದರೆ ಗ್ರೀಸಿನ ಪಡೆಯೂ ಆಗಬಹುದಲ್ಲ! 1983ರ ಮೇ 13ಕ್ಕೆ ಅದೇ ಸಭೆಯ ಇನ್ನೊಂದು ನಿರ್ಣಯ ‘ಆಕ್ಯುಪೇಶನ್’ ಪಡೆಗಳು ಕೂಡಲೇ ಹೊರಡಬೇಕು ಎಂದಿತು. ಈ ಸಲ ಟರ್ಕಿ ವಿರುದ್ಧ ಮತ ಹಾಕಿತು. ಒಂಬತ್ತು ವರ್ಷದಲ್ಲಿ ಬದಲಾದದ್ದು ಒಂದು ವಿಶೇಷಣ. ಈ ಎರಡನೆಯದನ್ನು ‘ಆಕ್ರಮಿತ ಪಡೆಗಳು’ ಎಂದು ಕನ್ನಡಿಸಿದರೆ ಅರ್ಥ ತಲೆಕೆಳಗಾಗುತ್ತದೆ. ಆಕ್ರಮಿತ ಅಂದರೆ ಆಕ್ರಮಣಕ್ಕೆ ಒಳಗಾದದ್ದು. ಪಡೆಯ ಮೇಲೇ ಯಾರೋ ಬಿದ್ದರು ಅಂತಾಗುತ್ತದೆ. ‘ಆಕ್ರಮಣಕಾರಿ ಪಡೆ’ ಎಂದರೆ ಬರೀ ಜಗಳಗಂಟ ಪಡೆ.

ನನಗೆ ದಾರಿ ಕಂಡದ್ದು ನಮ್ಮ ಕ್ರಿಯಾಪದದಲ್ಲೇ. ‘ಟರ್ಕಿ ಉತ್ತರ ಸೈಪ್ರಸ್ಸನ್ನು ಆಕ್ರಮಿಸಿತು’ ಅಂದರೆ ನುಗ್ಗಿತು. ‘ಆಕ್ರಮಿಸಿಕೊಂಡಿದೆ’ ಅಂದರೆ ನುಗ್ಗಿ, ಈಗಲೂ ಕೈಲಿಟ್ಟುಕೊಂಡಿದೆ. ಬಸ್ಸಿನಲ್ಲಿ ಎರಡು ಸೀಟು ಆಕ್ರಮಿಸಿಕೊಂಡು ಕೂತವನ ಬಗ್ಗೆ ನಾವು ಹೇಳುವುದೂ ಹೀಗೇ. ‘ಕೊಳ್ಳು’ ಸೇರಿದ ತಕ್ಷಣ ಆ ಕ್ಷಣದ ಕೆಲಸ ಒಂದು ಸ್ಥಿತಿಯಾಗಿ ನಿಲ್ಲುತ್ತದೆ. ವಾಕ್ಯದಲ್ಲಿ ಇಷ್ಟು ಸುಲಭವಾಗಿ ಬರುವ ವ್ಯತ್ಯಾಸ, ‘ಆಕ್ರಮಿತ’ ಎಂಬ ಸಂಸ್ಕೃತ ರೂಪಕ್ಕೆ ಹಾರಿದ ಕೂಡಲೇ ಕೈತಪ್ಪುತ್ತದೆ.

ಹೆಸರುಪದ ಬೇಕೇ ಬೇಕು ಎಂದರೆ ಏನು? ನಾನು ತೂಗಿ ನೋಡಿದವು ಇವು. ‘ಸ್ವಾಧೀನ’ಕ್ಕೆ ಭೂಸ್ವಾಧೀನದ ಕಾನೂನು ವಾಸನೆ ಇದೆ, ಸರ್ಕಾರವೇ ನೋಟಿಸು ಕೊಟ್ಟು ತೆಗೆದುಕೊಂಡ ಹಾಗೆ. ಇಲ್ಲಿ ಅದು ಟರ್ಕಿಗೆ ಪುಕ್ಕಟೆ ಸರ್ಟಿಫಿಕೇಟು. ‘ಕಬ್ಜಾ’ ರೌಡಿ ಪದ. ‘ಒತ್ತುವರಿ’ ನನಗೆ ತುಂಬಾ ಇಷ್ಟ, ಜೊತೆಗೆ ‘ತೆರವು’ ಅಂತ ರೆಡಿ ಜೋಡಿ ಬೇರೆ ಇದೆ. ಆದರೆ ಒತ್ತುವರಿ ಸದ್ದಿಲ್ಲದೆ, ವರ್ಷಕ್ಕೆ ಒಂದು ಅಡಿ ಸರಿಯುವುದು. ಕೆರೆ, ಗೋಮಾಳಕ್ಕೆ ಸರಿ. ಹಡಗಿನಲ್ಲಿ ಟ್ಯಾಂಕು ಇಳಿಸಿದ್ದಕ್ಕೆ ಸಾಲದು. ಕೊನೆಗೆ ಉಳಿದದ್ದು ‘ವಶ’. ಯುದ್ಧದ ರೀತಿನೀತಿ ಹೇಳುವ 1907ರ ಹೇಗ್ ನಿಯಮಗಳ 42ನೇ ಕಲಂ ಹೇಳುವುದೂ ಇದನ್ನೇ: ಶತ್ರುಸೇನೆಯ ಅಧಿಕಾರಕ್ಕೆ ಒಳಪಟ್ಟ ನೆಲ. ಹೇಗೆ ಬಂದರು, ನ್ಯಾಯವೋ ಅನ್ಯಾಯವೋ ಎಂಬ ಮಾತೇ ಅಲ್ಲಿಲ್ಲ. ಹಾಗಾಗಿ ‘ಟರ್ಕಿ ಸೇನೆಯ ವಶದಲ್ಲಿರುವ ಉತ್ತರ ಭಾಗ’, ‘ನೆಲ ವಶದಲ್ಲಿಟ್ಟುಕೊಂಡಿರುವ ಪಡೆಗಳು’. ಉದ್ದವಾಯಿತು, ಗೊತ್ತು. ಚಿಕ್ಕದು ಯಾರಿಗಾದರೂ ಹೊಳೆದರೆ ಹೇಳಿ.

ಯುರೋಪಿನ ಮಾನವ ಹಕ್ಕು ನ್ಯಾಯಾಲಯ 1996ರ ಲೊಯಿಝಿದು ಪ್ರಕರಣದಲ್ಲಿ ಇನ್ನೂ ಒಂದು ನುಡಿಗಟ್ಟು ಬಳಸಿತು. ಕಿರೇನಿಯಾದ ತನ್ನ ಜಮೀನಿಗೆ ಹೋಗಲಾಗದ ಹೆಂಗಸಿನ ದಾವೆ ಅದು. ಉತ್ತರದಲ್ಲಿ ಟರ್ಕಿಯ 30,000ಕ್ಕೂ ಹೆಚ್ಚು ಸೈನಿಕರು ಇದ್ದಾರೆ, ಆದ್ದರಿಂದ ಅಲ್ಲಿ ಟರ್ಕಿಯ ‘ಎಫೆಕ್ಟಿವ್ ಓವರಾಲ್ ಕಂಟ್ರೋಲ್’ ಇದೆ ಎಂದಿತು. ‘ಪರಿಣಾಮಕಾರಿ ಒಟ್ಟಾರೆ ನಿಯಂತ್ರಣ’ ಎಂದರೆ ಔಷಧಿ ಜಾಹೀರಾತು. ನಾನು ‘ಒಟ್ಟು ಹಿಡಿತ’ ಎಂದು ಬರೆದಿದ್ದೇನೆ.

ಎರಡನೇ ತೊಡಕು ‘ಶಾಂತಿ ಪಡೆ’. ಉತ್ತರದಲ್ಲಿರುವ ಟರ್ಕಿ ಸೇನೆಯ ಅಧಿಕೃತ ಹೆಸರಿನಲ್ಲೇ ಶಾಂತಿ ಪಡೆ ಎಂದಿದೆ. ಉತ್ತರಕ್ಕೂ ದಕ್ಷಿಣಕ್ಕೂ ನಡುವೆ ನಿಂತಿರುವ ವಿಶ್ವಸಂಸ್ಥೆಯವರನ್ನೂ ನಮ್ಮ ಪತ್ರಿಕೆಗಳು ಶಾಂತಿ ಪಡೆ ಅನ್ನುತ್ತವೆ. ಒಂದೇ ಪ್ಯಾರಾದಲ್ಲಿ ಇಬ್ಬರೂ ಬಂದರೆ ಓದುಗ ಸುಸ್ತು. ವಿಶ್ವಸಂಸ್ಥೆಯದಕ್ಕೆ ‘ಶಾಂತಿಪಾಲನಾ ಪಡೆ’ ಎಂದೇ ಬಿಗಿಯಾಗಿ ಹಿಡಿದು, ಟರ್ಕಿಯದಕ್ಕೆ ಅವರಿಟ್ಟ ಹೆಸರನ್ನು ಒಮ್ಮೆ ಮಾತ್ರ ಉದ್ಧರಣ ಚಿಹ್ನೆಯಲ್ಲಿ ಕೊಟ್ಟು, ಆಮೇಲೆ ‘ಟರ್ಕಿ ಸೇನೆ’ ಎನ್ನುವುದು ನನ್ನ ಲೆಕ್ಕ. ಈ ಶಾಂತಿಪಾಲನಾ ಪಡೆಗೂ ನಮಗೂ ನಂಟಿದೆ. 1964ರ ಜುಲೈನಿಂದ ಅದರ ದಂಡನಾಯಕರಾಗಿದ್ದವರು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯ. 1965ರ ಡಿಸೆಂಬರ್‌ನಲ್ಲಿ ಸೈಪ್ರಸ್‌ನಲ್ಲೇ ತೀರಿಕೊಂಡರು. ಮರುವರ್ಷ ಆ ದೇಶ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು. ಇನ್ನೊಂದು ಹೋಳಾದ ದೇಶ ಕೊರಿಯಾದಲ್ಲೂ, 1953ರಲ್ಲಿ, ಯುದ್ಧಕೈದಿಗಳ ತಟಸ್ಥ ಆಯೋಗಕ್ಕೆ ಅವರೇ ಅಧ್ಯಕ್ಷರು. ದಂಡನಾಯಕ ಅನ್ನುವ ಪದ ‘ಫೋರ್ಸ್ ಕಮಾಂಡರ್’ಗೆ ಹಳೆಯದಾಯಿತಾ? ನನಗೇನೋ ಹಿಡಿಸುತ್ತದೆ.

(ಆ ಪಡೆ ಕಾಯುವ ನಡುವಿನ ಪಟ್ಟಿ, ಅಂದರೆ ಬಫರ್ ಝೋನ್‌ಗೆ ‘ಬಫರ್ ವಲಯ’ ಎಂದೇ ಬಿಟ್ಟಿದ್ದೇನೆ, ಕಾಡಿನ ಸುದ್ದಿಗಳಿಂದ ಜನಕ್ಕೆ ಪರಿಚಯ ಇದೆ. ‘ನಿರ್ಜನ ವಲಯ’ ಮಾತ್ರ ಬೇಡ. ಅದರೊಳಗೆ ಜನ ಹೊಲ ಉಳುತ್ತಾರೆ, ಪೀಲಾ ಎಂಬ ಇಡೀ ಊರೇ ಇದೆ.)

ಮೂರನೆಯದು ಆಯುಧ. 1997ರ ಜನವರಿಯಲ್ಲಿ ಸೈಪ್ರಸ್‌ನ ಅಧ್ಯಕ್ಷ ಕ್ಲೆರಿದಿಸ್ ಅವರ ಸರ್ಕಾರ ರಷ್ಯಾದ ಎಸ್-300 ಕ್ಷಿಪಣಿಗಳಿಗೆ ಒಪ್ಪಂದ ಮಾಡಿತು. ಇವು ವಿಮಾನ ಹೊಡೆಯುವ ಕ್ಷಿಪಣಿಗಳು, ನೆಲದ ಮೇಲಿನ ಊರಿಗೆ ಬೀಳುವವಲ್ಲ. ಆದರೆ ಅವುಗಳ ವ್ಯಾಪ್ತಿ ಸುಮಾರು 150 ಕಿ.ಮೀ., ಟರ್ಕಿಯ ತೀರ ಇರುವುದು ಬರೀ 70 ಕಿ.ಮೀ. ಆಚೆ. ಸೈಪ್ರಸ್ ಸರ್ಕಾರ ಇದು ರಕ್ಷಣೆಗೆ ಅಂದಿತು, ಟರ್ಕಿ ತಂದಿಟ್ಟರೆ ಹೊಡೆದು ಹಾಕುತ್ತೇವೆ ಅಂದಿತು. ಅದೇ ವರ್ಷದ ಜೂನ್‌ನಲ್ಲಿ ಭದ್ರತಾ ಮಂಡಳಿ 1117ನೇ ನಿರ್ಣಯದಲ್ಲಿ ‘ಸೊಫಿಸ್ಟಿಕೇಟೆಡ್ ವೆಪನ್ರಿ’ ಬರುತ್ತಿರುವ ಬಗ್ಗೆ ತೀವ್ರ ಕಳವಳ ಹೇಳಿತು. 1998ರ ಡಿಸೆಂಬರ್ ಕೊನೆಗೆ ಕ್ಲೆರಿದಿಸ್ ಹಿಂದೆ ಸರಿದರು. ಕ್ಷಿಪಣಿಗಳು ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋದವು. ಸೈಪ್ರಸ್‌ನಲ್ಲಿ ಒಂದೂ ನಿಲ್ಲಲಿಲ್ಲ.

ಈಗ ‘ಸೊಫಿಸ್ಟಿಕೇಟೆಡ್’ಗೆ ಏನನ್ನೋಣ? ‘ಸುಧಾರಿತ’ ಅಂದರೆ ಹೊಸ ಗೊಂದಲ. ಐಇಡಿಗೆ (ಇಂಪ್ರೊವೈಸ್ಡ್ ಎಕ್ಸ್‌ಪ್ಲೋಸಿವ್ ಡಿವೈಸ್) ನಮ್ಮ ಪತ್ರಿಕೆಗಳಲ್ಲಿ ‘ಸುಧಾರಿತ ಸ್ಫೋಟಕ’ ಎಂದಿದೆ. ಅಲ್ಲಿ ಸುಧಾರಿತ ಅಂದರೆ ಕೈಗೆ ಸಿಕ್ಕಿದ್ದರಲ್ಲಿ ಹೇಗೋ ಸುಧಾರಿಸಿ ಮಾಡಿದ್ದು, ಕುಕ್ಕರ್ ಬಾಂಬಿನ ಹಾಗೆ. ಇಲ್ಲಿ ಅದರ ತದ್ವಿರುದ್ಧ. ‘ಅತ್ಯಾಧುನಿಕ’ ಅಂದರೆ ಅರ್ಥ ಸರಿ, ದನಿ ತಪ್ಪು. ಅತ್ಯಾಧುನಿಕ ಆಸ್ಪತ್ರೆ, ಅತ್ಯಾಧುನಿಕ ಬಸ್ ನಿಲ್ದಾಣ, ಎಲ್ಲವೂ ಉದ್ಘಾಟನೆಯ ಹೊಗಳಿಕೆ. ಮಂಡಳಿ ಹೊಗಳುತ್ತಿಲ್ಲ, ಬೇಡಪ್ಪಾ ಎನ್ನುತ್ತಿದೆ. ನಾವೇ ರಷ್ಯಾದಿಂದ ಅದೇ ವಂಶದ ಎಸ್-400 ತಂದಾಗ ನಮ್ಮ ಸುದ್ದಿಗಳಲ್ಲಿ ಅದು ‘ವಾಯು ರಕ್ಷಣಾ ವ್ಯವಸ್ಥೆ’, ಕ್ಷಿಪಣಿ ಎಂಬ ಮಾತು ಹಿಂದೆ ಬಿತ್ತು. ಅವರದಾದರೆ ಕ್ಷಿಪಣಿ, ನಮ್ಮದಾದರೆ ವ್ಯವಸ್ಥೆ! ಸದ್ಯಕ್ಕೆ ‘ಹೆಚ್ಚು ಸಾಮರ್ಥ್ಯದ ಹೊಸ ಆಯುಧಗಳು’ ಎಂದು ಬಿಡಿಸಿ ಬರೆದಿದ್ದೇನೆ. ಸಪ್ಪೆ, ಆದರೆ ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ.

ಇನ್ನೊಂದು ಸಣ್ಣದು. ಒಪ್ಪಂದ ಮಾಡಿಕೊಂಡೇ ಇರುವ ಹೊರಗಿನ ಪಡೆಗೆ ಏನನ್ನಬೇಕು? 1960ರ ಮೈತ್ರಿ ಒಪ್ಪಂದದಲ್ಲಿ ಗ್ರೀಸಿಗೆ 950, ಟರ್ಕಿಗೆ 650 ಸೈನಿಕರನ್ನು ದ್ವೀಪದಲ್ಲಿಡಲು ಅವಕಾಶವಿತ್ತು. ಹೋಳಾದ ದ್ವೀಪವನ್ನು ಒಂದು ಮಾಡಲು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಮುಂದಿಟ್ಟ 2004ರ ಅನ್ನಾನ್ ಯೋಜನೆಯೂ ಹಂತಹಂತವಾಗಿ ಇಳಿಸಿ ಕೊನೆಗೆ ಇದೇ ಅಂಕಿಗೆ ತರುವ ಮಾತಾಡಿತ್ತು. ಜನಮತದಲ್ಲಿ ಗ್ರೀಕ್ ಸೈಪ್ರಿಯಟರು (ಗ್ರೀಕ್ ಮಾತಾಡುವ ಸೈಪ್ರಸ್ಸಿಗರು) ಅದನ್ನು ತಳ್ಳಿಹಾಕಿದರು. ಇಂಥ ಪಡೆಗೆ ಶಾಲೆಯ ಚರಿತ್ರೆ ಪುಸ್ತಕದ ‘ಸಹಾಯಕ ಸೈನ್ಯ’ ನೆನಪಾಯಿತು. ಆದರೆ ವೆಲ್ಲೆಸ್ಲಿಯ ಆ ಪದ್ಧತಿಯಲ್ಲಿ ಸಹಾಯ ಯಾರಿಗಾಯಿತು ಎಂದು ಮೈಸೂರಿನವರಿಗೆ ಹೇಳಬೇಕಾಗಿಲ್ಲ. ‘ದಂಡು’ ಚೆನ್ನಾಗಿದೆ, ಬೆಂಗಳೂರಲ್ಲಿ ಹಳಬರು ಈಗಲೂ ಕಂಟೋನ್ಮೆಂಟನ್ನು ದಂಡು ಅನ್ನುತ್ತಾರೆ. ಹೊರಗಿನ ಸೇನೆ, ಒಪ್ಪಂದದ ನೆಲ, ಸ್ಥಿರವಾದ ಬೀಡು, ಮೂರೂ ಅದರಲ್ಲಿವೆ. ಅಕ್ರೋತಿರಿ ಮತ್ತು ದೆಕೆಲಿಯಾದಲ್ಲಿ ಬ್ರಿಟನ್ ತನ್ನದೇ ಎಂದು ಉಳಿಸಿಕೊಂಡ ನೆಲೆಗಳಿಗೆ ಇದು ಹೊಂದೀತೇ?

ಕೊನೆಗೆ, 1117ನೇ ನಿರ್ಣಯದ ಆ ಸಾಲನ್ನು ನಾನು ತಂದಿರುವ ರೀತಿ ಇದು:

‘ಸೈಪ್ರಸ್ ಗಣರಾಜ್ಯದಲ್ಲಿ ಸೇನೆ ಮತ್ತು ಆಯುಧಗಳು ಈಗಲೇ ಮಿತಿ ಮೀರಿದ್ದು ಇನ್ನೂ ಹೆಚ್ಚುತ್ತಿರುವುದು, ಹೆಚ್ಚು ಸಾಮರ್ಥ್ಯದ ಹೊಸ ಆಯುಧಗಳನ್ನೂ ತಂದು ಅವನ್ನು ಹಿಗ್ಗಿಸಿ ಹೊಸದಾಗಿಸುತ್ತಿರುವ ವೇಗ, ಅಲ್ಲಿರುವ ವಿದೇಶಿ ಪಡೆಗಳ ಸಂಖ್ಯೆಯನ್ನು ಗಣನೀಯವಾಗಿ ಇಳಿಸುವ ಕೆಲಸ ಮುಂದೆ ಸಾಗದಿರುವುದು, ಇವುಗಳ ಬಗ್ಗೆ ಮಂಡಳಿ ತೀವ್ರ ಕಳವಳ ವ್ಯಕ್ತಪಡಿಸುತ್ತದೆ.’

ಗಮನಿಸಿ, 1974ರ ಸಾಮಾನ್ಯ ಸಭೆಯ ಹಾಗೆ ಇಲ್ಲಿ ಮಂಡಳಿಯೂ ‘ವಿದೇಶಿ ಪಡೆ’ ಎಂದೇ ಹೇಳಿದೆ. ‘ಪರಕೀಯ’ ಎಂದು ಹಾಕಿದರೆ ಬೈಗುಳದ ಛಾಯೆ ಬರುತ್ತದೆ, ಅದಕ್ಕೇ ಬಿಟ್ಟೆ. ವಾಕ್ಯ ಒಡೆಯಬಹುದಾ, ‘ಹೆಚ್ಚು ಸಾಮರ್ಥ್ಯದ’ಕ್ಕೆ ಒಂದೇ ಪದ ಇದೆಯಾ, ‘ವಶ’ದ ಬಗ್ಗೆ ನಿಮ್ಮ ತಕರಾರೇನು? ಕಾನೂನು ಅನುವಾದ ಮಾಡುವವರು, ಪತ್ರಿಕೆಯ ಡೆಸ್ಕಿನಲ್ಲಿ ಕೂತವರು ದಯವಿಟ್ಟು ಬರೆಯಿರಿ.