ರಗ್ಬಿ ವಿಶ್ವಕಪ್ ಟಿಪ್ಪಿಂಗ್ ಶೀಟು ತುಂಬೋದು ಹೇಗೆ? ಕೈ ಸುಟ್ಟುಕೊಂಡವರು ಹೇಳಿ

ಪರಮಟ್ಟಾ ಹೊಸಬ: ಎಲ್ಲರಿಗೂ ನಮಸ್ಕಾರ. ಸಿಡ್ನಿಗೆ ಬಂದು ಎಂಟು ತಿಂಗಳಾಯಿತು. 2027ರ ರಗ್ಬಿ ವಿಶ್ವಕಪ್ ಆಸ್ಟ್ರೇಲಿಯಾದಲ್ಲೇ ನಡೆಯೋದರಿಂದ ಆಫೀಸಿನಲ್ಲಿ ಈಗಲೇ ಟಿಪ್ಪಿಂಗ್ ಗಲಾಟೆ. ತಲೆಗೆ 50 ಡಾಲರ್. ಪ್ರತಿ ಪಂದ್ಯಕ್ಕೂ ಯಾರು ಗೆಲ್ಲುತ್ತಾರೆ, ಎಷ್ಟು ಅಂತರ ಅಂತ ಬರೆಯಬೇಕು. ಚಾಂಪಿಯನ್ ಹೆಸರು ಮಾತ್ರ ಮೊದಲೇ ಕೊಟ್ಟುಬಿಡಬೇಕು. ಈ ಸಲ 20 ಅಲ್ಲ, 24 ತಂಡ. ಆರು ಗುಂಪು. ಮೂರನೇ ಸ್ಥಾನದ ನಾಲ್ಕು ತಂಡಗಳಿಗೂ ಮುಂದಿನ ಸುತ್ತು ಸಿಗುತ್ತಂತೆ. ರ‍್ಯಾಂಕಿಂಗ್ ನೋಡಿ ತುಂಬಿದರೆ ಸಾಕಾ?

ಡಬ್ಲಿನ್ ಭಾವ: ರ‍್ಯಾಂಕಿಂಗ್ ಅಂದ್ರಲ್ಲ, ಹೊಟ್ಟೆ ಉರೀತು. 2023ರಲ್ಲಿ ಐರ್ಲೆಂಡ್ ಒಂದನೇ ನಂಬರ್. ಸತತ 17 ಪಂದ್ಯ ಗೆದ್ದಿದ್ದೆವು. ಗುಂಪಿನಲ್ಲಿ ದಕ್ಷಿಣ ಆಫ್ರಿಕಾವನ್ನೇ 13-8ಕ್ಕೆ ಸೋಲಿಸಿದ್ದೆವು. ಚಾಂಪಿಯನ್ ಕಾಲಮ್ಮಿನಲ್ಲಿ ಕಣ್ಣು ಮುಚ್ಚಿ ಐರ್ಲೆಂಡ್ ಬರೆದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ಸೆಮಿಫೈನಲ್ ನೋಡೋಣ ಅಂತ ಪ್ಯಾರಿಸ್ ವಿಮಾನ, ಇಬ್ಬರಿಗೆ 376 ಯೂರೋ. ಹೋಟೆಲ್ ಎರಡು ರಾತ್ರಿಗೆ 418, ಕ್ಯಾನ್ಸಲ್ ಮಾಡಿದರೆ ಒಂದು ಸೆಂಟೂ ವಾಪಸ್ ಇಲ್ಲ. ಬ್ಯಾಗು ಇಡೋಕೆ ಬೇರೆ 52. ಅಕ್ಟೋಬರ್ 14ರ ರಾತ್ರಿ ಕ್ವಾರ್ಟರ್‌ಫೈನಲ್. ನ್ಯೂಜಿಲೆಂಡ್ 28, ನಾವು 24. ಕೊನೆಗೆ ನಮ್ಮವರು ಚೆಂಡು ಬಿಡದೆ 37 ಫೇಸ್, ಅಂದ್ರೆ ಕೆಡವಿದಷ್ಟು ಸಲವೂ ಮತ್ತೆ ಚೆಂಡು ಎತ್ತಿಕೊಂಡು, ನುಗ್ಗಿದರು. ನಾನು ಮೊಸರನ್ನದ ತಟ್ಟೆ ಹಿಡಿದು ಟಿವಿ ಮುಂದೆ ನಿಂತೇ ಎಣಿಸುತ್ತಿದ್ದೆ. ಚೆಂಡು ಹೋದಾಗ ತಟ್ಟೆಯ ಅನ್ನ ಒಣಗಿತ್ತು. ಆಮೇಲೂ ಪ್ಯಾರಿಸ್‌ಗೆ ಹೋದೆವು, ದುಡ್ಡು ಕೊಟ್ಟಾಗಿದೆ ಅಂತ ಹೆಂಡತಿ ಎಳೆದುಕೊಂಡು ಹೋದಳು.

ಆಕ್ಲೆಂಡ್ ಸುಬ್ಬಿ: 37 ಫೇಸ್ ಅಂತ ಅವತ್ತಿನಿಂದ ಹೇಳ್ತಾನೇ ಇದ್ದೀರಿ. ಅಷ್ಟೂ ಸಲ ತಡೆದವರು ಯಾರು ಸ್ವಾಮಿ? ಅದಕ್ಕೆ ಮುಂಚೆ ನಿಮ್ಮ ಕೆಲೆಹರ್ ಗೆರೆ ದಾಟಿ ಬಿದ್ದಾಗ ಜೋರ್ಡಿ ಬ್ಯಾರೆಟ್ ಅಡಿಗೆ ತೂರಿ ಚೆಂಡು ನೆಲ ಮುಟ್ಟಿ ಪಾಯಿಂಟ್ ಆಗದ ಹಾಗೆ ಹಿಡಿದ, ಅದನ್ನು ಯಾವತ್ತೂ ಹೇಳಲ್ಲ. ನನ್ನ ಕಥೆ ಕೇಳಿ. ನಾನು ನ್ಯೂಜಿಲೆಂಡ್ ಅಂತ ಬರೆದಿದ್ದೆ. ದಕ್ಷಿಣ ಆಫ್ರಿಕಾ ಜೊತೆ ಫೈನಲ್, ನಮಗೆ ಭಾನುವಾರ ಬೆಳಗ್ಗೆ ಎಂಟಕ್ಕೆ. ಇಡ್ಲಿ ಇಟ್ಟು ಕೂತೆ. ಅರ್ಧ ಆಟ ಮುಗಿಯೋ ಮೊದಲೇ ನಾಯಕ ಸ್ಯಾಮ್ ಕೇನ್‌ಗೆ ಹಳದಿ ಕಾರ್ಡ್, ಕೂತಲ್ಲೇ ಅದು ಕೆಂಪಾಯಿತು. 50 ನಿಮಿಷಕ್ಕೂ ಜಾಸ್ತಿ 14 ಜನ ಆಡಿ 11-12. ಒಂದು ಪಾಯಿಂಟ್! ಆಫೀಸ್ ಪಟ್ಟಿಯಲ್ಲಿ ಮೊದಲ ಸ್ಥಾನದಿಂದ ಆರನೆಯದಕ್ಕೆ ಇಳಿದೆ. ಇಡ್ಲಿ ಕುಕ್ಕರ್ ತಳ ಹತ್ತಿದ್ದು ಬೇರೆ.

ಡರ್ಬನ್ ಮಾವ: ಮಾರಾಯ್ರೆ, ಗೆದ್ದವನು ಇಲ್ಲಿ ನಾನೊಬ್ಬನೇ ಇರಬೇಕು. ಐರ್ಲೆಂಡ್‌ಗೆ ಸೋತ ಮೇಲೂ ನಾನು ದಕ್ಷಿಣ ಆಫ್ರಿಕಾ ಹೆಸರು ಬದಲಿಸಲಿಲ್ಲ. ಒದೆತ ಸರಿಯಿಲ್ಲ ಅಂತ ಎಲ್ಲರೂ ನಕ್ಕರು. ಮುಂದಿನ ಸಾಲಲ್ಲಿ ತಳ್ಳಾಡುವ ಹುಕ್ಕರ್ ಮಾರ್ಕ್ಸ್‌ಗೆ ಪೆಟ್ಟಾದಾಗ ಆ ಜಾಗಕ್ಕೆ ಒದೆಯುವ ಪೊಲಾರ್ಡ್‌ನನ್ನು ಕರೆಸಿದರಲ್ಲ, ಅವತ್ತೇ ನನಗೆ ಧೈರ್ಯ ಬಂತು. ನಾಕೌಟ್ ಮೂರಕ್ಕೂ ನಾನು ತುಂಬಿದ್ದು "1ರಿಂದ 5 ಅಂತರ". ಫ್ರಾನ್ಸ್ ಮೇಲೆ 29-28. ಇಂಗ್ಲೆಂಡ್ ಮೇಲೆ 16-15. ಫೈನಲ್ 12-11, ಹನ್ನೆರಡೂ ಪೊಲಾರ್ಡ್ ಒದ್ದದ್ದು. 2,400 ರ‍್ಯಾಂಡ್ ಬಂತು, ಹೊಸ ಮಿಕ್ಸಿ ತಗೊಂಡೆ.

ರೆಡಿಂಗ್ ಎಕ್ಸೆಲ್: ಮೂರು ಸಲ ಒಂದೊಂದು ಪಾಯಿಂಟ್ ಅಂದ್ರೆ ಅದು ಲಾಟರಿ, ಜಾಣತನ ಅಲ್ಲ. ಫ್ರಾನ್ಸ್‌ನ ರಾಮೋಸ್ ಕನ್ವರ್ಷನ್ (ಗೆರೆ ದಾಟಿ ಚೆಂಡು ನೆಲಕ್ಕಿಟ್ಟ ಮೇಲೆ ಸಿಗುವ ಒದೆತ) ಒದೆಯುವಾಗ ನಿಮ್ಮ ಕೋಲ್ಬಿ ಓಡಿಬಂದು ತಡೆಯದಿದ್ದರೆ ಎರಡು ಪಾಯಿಂಟ್ ಸೇರಿ ನಿಮ್ಮ ಮಿಕ್ಸಿ ಅಂಗಡಿಯಲ್ಲೇ ಇರುತ್ತಿತ್ತು. ಗುಂಪು ಹಂಚಿಕೆಯೇ ಸರಿ ಇರಲಿಲ್ಲ. 2020ರ ಡಿಸೆಂಬರ್‌ನಲ್ಲೇ ಹಂಚಿ ಮುಗಿಸಿದ್ದರು. ಹಾಗಾಗಿ ಮೇಲಿನ ನಾಲ್ಕೂ ತಂಡ ಎರಡೇ ಗುಂಪಿಗೆ ಬಿದ್ದು ಕ್ವಾರ್ಟರ್‌ಫೈನಲ್‌ನಲ್ಲೇ ಕಚ್ಚಾಡಿದವು.

ಶೀಟಿನ ವಿಷಯ ಹೇಳ್ತೀನಿ. 2019ರಲ್ಲಿ ನಾನು ಹನ್ನೊಂದು ವಾರಾಂತ್ಯ ಹಾಳುಮಾಡಿ ಎಕ್ಸೆಲ್ ಮಾಡಿದ್ದೆ. ನ್ಯೂಜಿಲೆಂಡ್ ಇಟಲಿಯನ್ನು 58ರಿಂದ ಸೋಲಿಸುತ್ತೆ ಅಂತ ಬಂತು. ಜಪಾನಿಗೆ ಹಗಿಬಿಸ್ ಚಂಡಮಾರುತ ಬಂದು ಆ ಪಂದ್ಯವೇ ರದ್ದು. ಇಂಗ್ಲೆಂಡ್-ಫ್ರಾನ್ಸ್ ಕೂಡ ರದ್ದು. ಎರಡನ್ನೂ 0-0 ಡ್ರಾ ಅಂತ ಬರೆದುಕೊಂಡರು. ನಮ್ಮ ಪಕ್ಕದ ಟೀಮಿನ ಒಬ್ಬ ಶೀಟು ತುಂಬಲೇ ಮರೆತಿದ್ದ. ಖಾಲಿ ಬಿಟ್ಟರೆ ಸಿಸ್ಟಮ್ ತಾನೇ 0-0 ಹಾಕುತ್ತಿತ್ತು. ಅವನಿಗೆ ಎರಡೂ ಪಂದ್ಯಕ್ಕೆ ಫುಲ್ ಮಾರ್ಕ್ಸ್!! ಕೇಕ್ ಹಂಚಿದ. ನಾನು ತಿನ್ನಲಿಲ್ಲ.

ಡರ್ಬನ್ ಮಾವ: ಲಾಟರಿ ಅಂತ ಹೇಳುವವರು ಯಾರು ನೋಡಿ. 2019ರ ಕ್ರಿಕೆಟ್ ಫೈನಲ್ಲಿನಲ್ಲಿ ಬೌಂಡರಿ ಎಣಿಸಿ ಕಪ್ ಎತ್ತಿದ ಇಂಗ್ಲೆಂಡಿನವರು!

ರೆಡಿಂಗ್ ಎಕ್ಸೆಲ್: ನಾನು ಎತ್ತಿಲ್ಲ. ನಾನು ಅರಸೀಕೆರೆಯವನು.

ಬ್ರಿಸ್ಬೇನ್ ಅಕ್ಕ: ಪಾಪ ಆ ಹುಡುಗ ಕೇಳಿದ್ದೇನು, ನೀವು ಹೊಡೆದಾಡೋದೇನು! ತಮ್ಮ, ಊರಿನ ತಂಡ ಅಂತ ಮೋಹ ಪಡಬೇಡ. 2023ರಲ್ಲಿ ನಾನು ಆಸ್ಟ್ರೇಲಿಯಾ ಸೆಮಿಗೆ ಹೋಗುತ್ತೆ ಅಂತ ಬರೆದೆ. ಫಿಜಿಗೆ 15-22. ವೇಲ್ಸ್‌ಗೆ 6-40. ಹಳದಿ ಜೆರ್ಸಿಗೆ 140 ಡಾಲರ್ ಕೊಟ್ಟಿದ್ದೆ, ಮಗಳು ಅದನ್ನು ಹಾಕಿಕೊಂಡು ಶಾಲೆಗೆ ಹೋಗಲ್ಲ ಅಂದಳು. ಆದರೂ ಒಂದು ಆಸೆ ಉಳಿದಿತ್ತು. ಫಿಜಿ ಕೊನೇ ಪಂದ್ಯದಲ್ಲಿ ಪೋರ್ಚುಗಲ್‌ಗೆ ಸೋಲಬೇಕು. ಬೆಳಗಿನ ಜಾವ ಎದ್ದು ಕೂತೆ. ಪೋರ್ಚುಗಲ್ ಗೆದ್ದೇ ಬಿಟ್ಟಿತು, 24-23! ಕುಣಿದೆ. ಆಮೇಲೆ ಯಜಮಾನರು ಮೆಲ್ಲಗೆ ಹೇಳಿದರು, ಏಳರೊಳಗೆ ಸೋತರೂ ಒಂದು ಬೋನಸ್ ಪಾಯಿಂಟ್ ಇದೆ ಅಂತ. ಫಿಜಿಗೂ 11, ನಮಗೂ 11, ನಮ್ಮನ್ನು ಸೋಲಿಸಿದ್ದಕ್ಕೆ ಅವರು ಮುಂದೆ. ಗುಂಪಿನಲ್ಲೇ ಹೊರಬಿದ್ದದ್ದು ಅದೇ ಮೊದಲು.

ಡಬ್ಲಿನ್ ಭಾವ: ಅಕ್ಕ, ನೀವೂ "ನಮಗೆ" ಅಂತೀರಿ. ನಾನು "ನಾವು" ಅಂದ್ರೆ ಮಾತ್ರ ಆಕ್ಲೆಂಡ್‌ನವರಿಗೆ ಉರಿ.

ಆಕ್ಲೆಂಡ್ ಸುಬ್ಬಿ: ನಾನು ಫೇಸ್ ಬಗ್ಗೆ ಹೇಳಿದ್ದು. "ನಾವು" ಬಗ್ಗೆ ನಾನೇನೂ ಅಂದಿಲ್ಲ. ಸುಮ್ನೆ ಬಾಯಿಗೆ ಮಾತು ತುರುಕಬೇಡಿ.

ಡರ್ಬನ್ ಮಾವ: ಎಕ್ಸೆಲ್ ಅವರೇ, ನೆನಪಾಯಿತು. ಆ 16-15ಕ್ಕೆ ಒಂದು ಕೆಜಿ ಮೈಸೂರು ಪಾಕ್ ಪಂಥ ಕಟ್ಟಿದ್ದಿರಿ. ಅದೆಲ್ಲಿ?

ರೆಡಿಂಗ್ ಎಕ್ಸೆಲ್: ಕಳಿಸಿದ್ದೆನಲ್ಲ! ಪಾರ್ಸೆಲ್‌ಗೇ 31 ಪೌಂಡ್ ಆಯಿತು. 69ನೇ ನಿಮಿಷದವರೆಗೆ ಇಂಗ್ಲೆಂಡ್ 15-6 ಮುಂದಿತ್ತು, ಆ ಸಂಕಟದಲ್ಲೂ ಮಾತು ಉಳಿಸಿಕೊಂಡೆ.

ಪರಮಟ್ಟಾ ಹೊಸಬ: ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ರ‍್ಯಾಂಕಿಂಗ್ ಬೇಡ ಅಂತಲಾ, ಬೇಕು ಅಂತಲಾ?

ಡರ್ಬನ್ ಮಾವ: ತಮ್ಮ, ಒಂದು ನಿಮಿಷ ಇರು. ಕಳಿಸಿದ್ದು ನಿಜ, ಬಂದದ್ದು 640 ಗ್ರಾಂ. ತೂಗಿ ಫೋಟೋ ತೆಗೆದಿಟ್ಟಿದ್ದೇನೆ. ತುಪ್ಪದ್ದೂ ಅಲ್ಲ, ಡಾಲ್ಡಾ.