ಕೇವಿಯಟ್ ತೆಗೆಸುವ ವ್ಯಾಜ್ಯದ ಖರ್ಚು ಯಾರ ಮೇಲೆ ಬೀಳುತ್ತದೆ?

ಪ್ರಶ್ನೆ: ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿರುವ ನನ್ನ ಮನೆಯ ಮೇಲೆ, ನನಗೆ ಸಾಲ ಕೊಟ್ಟಿದ್ದ ಪರಿಚಿತರೊಬ್ಬರು ಕೇವಿಯಟ್ (ಆಸ್ತಿಯಲ್ಲಿ ತಮಗೂ ಹಕ್ಕಿದೆಯೆಂದು ಭೂ ದಾಖಲೆಯಲ್ಲಿ ನಮೂದಿಸಿ ವರ್ಗಾವಣೆಯನ್ನು ತಡೆಯುವ ಸೂಚನೆ) ಹಾಕಿಸಿದ್ದಾರೆ. ಎರಡು ಪುಟದ ಸಾಲಪತ್ರದಲ್ಲಿ ಮನೆಯ ಪ್ರಸ್ತಾಪವೇ ಇಲ್ಲ. ಮಾರಾಟದ ಕರಾರು ಆಗಿದೆ, ಹಸ್ತಾಂತರಕ್ಕೆ ಮೂರೇ ವಾರ ಉಳಿದಿದೆ. ನ್ಯಾಯಾಲಯಕ್ಕೆ ಹೋದರೆ ವಕೀಲರ ಶುಲ್ಕ ಮರಳಿ ಸಿಗುತ್ತದೆಯೇ?

ಉತ್ತರ 1: ಬರೀ ಸಾಲ ಬಾಕಿಯಿದ್ದ ಮಾತ್ರಕ್ಕೆ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲವಾದ್ದರಿಂದ ನಿಮ್ಮ ವಾದ ಗಟ್ಟಿಯಾಗಿದೆ. 1958ರ ಭೂ ವರ್ಗಾವಣೆ ಕಾಯಿದೆಯ 89ಎ ಕಲಮಿನ ನೋಟಿಸು (ಕೇವಿಯಟ್ ಹಾಕಿದವರು ನ್ಯಾಯಾಲಯಕ್ಕೆ ಹೋಗದಿದ್ದರೆ ಅದು ರದ್ದಾಗುತ್ತದೆಂದು ಭೂ ನೋಂದಣಿ ಅಧಿಕಾರಿ ಕೊಡುವ ಸೂಚನೆ) ಅಗ್ಗದ ದಾರಿ. ಆದರೆ ಅದಕ್ಕೆ ಕನಿಷ್ಠ 30 ದಿನ ಬೇಕು, ನಿಮಗೆ ಅಷ್ಟು ಕಾಲಾವಕಾಶವಿಲ್ಲ. 90(3)ರಡಿ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಗೆದ್ದರೆ ಎದುರಿನವರು ಖರ್ಚು ಕೊಡಬೇಕೆಂದು ಸಾಮಾನ್ಯವಾಗಿ ಆದೇಶವಾಗುತ್ತದೆ, ಆದರೂ ನೀವು ತೆತ್ತ ಪೂರ್ತಿ ಮೊತ್ತ ಮರಳುವುದು ಅಪರೂಪ. ಸಕಾರಣವಿಲ್ಲದೆ ಕೇವಿಯಟ್ ಹಾಕಿದ್ದರಿಂದ ಆದ ನಷ್ಟಕ್ಕೆ 118ನೇ ಕಲಮಿನಡಿ ಪ್ರತ್ಯೇಕ ಪರಿಹಾರ ಕೇಳಬಹುದು.

ಉತ್ತರ 2: ಅರ್ಜಿಗೆ ಮುನ್ನ, ಸಾಲಪತ್ರದ ಪ್ರತಿಯೊಂದಿಗೆ, ಇಂಥ ದಿನದೊಳಗೆ ಹಿಂಪಡೆಯದಿದ್ದರೆ ಖರ್ಚು ಕೇಳುತ್ತೇವೆಂದು ವಕೀಲರಿಂದ ಪತ್ರ ಬರೆಸಿ. ಖರ್ಚಿನ ಪ್ರಶ್ನೆ ಬಂದಾಗ ನ್ಯಾಯಾಧೀಶರು ಇಬ್ಬರ ನಡವಳಿಕೆಯನ್ನೂ ನೋಡುತ್ತಾರೆ. ವಿವಾದದ ಮೊತ್ತವನ್ನು ವಕೀಲರ ಟ್ರಸ್ಟ್ ಖಾತೆಯಲ್ಲಿ (ಕಕ್ಷಿದಾರರ ಹಣವನ್ನು ಬೇರೆಯಾಗಿ ಕಾಯ್ದಿಡುವ ಖಾತೆ) ಇಟ್ಟು ಕೇವಿಯಟ್ ಬಿಡಿಸಿಕೊಳ್ಳುವ ಒಪ್ಪಂದವೂ ಸಾಧ್ಯ. ಮಾರಾಟ ಮುರಿಯದಿರುವುದೇ ಈಗ ಮುಖ್ಯವೆಂದು ನನಗನಿಸುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ನಾಳೆಯೇ ಪತ್ರ ಕಳುಹಿಸುತ್ತೇನೆ.