ಸ್ಕಿಮ್ಮರ್‌ಗೆ ಹಚ್ಚಿ, ಟ್ಯಾಂಕಿಗೆ ಬೇಡ

ಸುಂಟಿಕೊಪ್ಪದ ಹತ್ತಿರ ತೋಟದಲ್ಲಿರುವ ಹೋಂಸ್ಟೇ ನಮ್ಮ ನಾಲ್ಕು ಮನೆಗಳಿಗೂ ಸೇರಿದ್ದು. ಹಾಗಾಗಿ ಅಲ್ಲಿ ನಲ್ಲಿ ಸೋರಿದರೂ ಮನೆಯ ವಾಟ್ಸಾಪ್ ಗುಂಪಿನಲ್ಲಿ ರಾತ್ರಿಯಿಡೀ ಚರ್ಚೆ. ಈ ಸಲ ಅಲ್ಲಿನ ಈಜುಕೊಳದ ಸ್ಕಿಮ್ಮರ್ (ನೀರಿನ ಮೇಲೆ ತೇಲುವ ಕಸ ಎಳೆದುಕೊಳ್ಳುವ, ಗೋಡೆಯಲ್ಲಿ ಕೂರಿಸಿದ ಪ್ಲಾಸ್ಟಿಕ್ ಡಬ್ಬಿ), ಫಿಲ್ಟರ್ ಟ್ಯಾಂಕ್, ಪಂಪ್ ಮೂರೂ ಒಡೆದಿದ್ದವು. ಚರ್ಚೆ ಬೆಂಗಳೂರು ಬಾವ ಹಂಚಿಕೊಂಡ ಒಂದು ವಿಡಿಯೋದಿಂದ ಶುರುವಾಯಿತು. ಗುಡ್ ಮಾರ್ನಿಂಗ್ ಹೂವು, ಕಾಫಿ ರೇಟು, ಹೆಬ್ಬೆರಳು ಎಲ್ಲ ತೆಗೆದು ಉಳಿದದ್ದನ್ನು ಇಲ್ಲಿ ಹಾಕಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆ.

ಬೆಂಗಳೂರು ಬಾವ: ಎಲ್ಲರೂ ಈ ವಿಡಿಯೋ ನೋಡಿ. ಅಕ್ರಿಲಿಕ್ ಪುಡಿ, ಜೊತೆಗೆ ಒಂದು ಲಿಕ್ವಿಡ್. ಕಲಸಿ ಬಿರುಕಿಗೆ ಹಚ್ಚಿದರೆ ಕಾಲು ಗಂಟೆಯಲ್ಲಿ ಗಟ್ಟಿ. ನಮ್ಮ ಪೂಲಿನ ಸ್ಕಿಮ್ಮರ್, ಫಿಲ್ಟರ್ ಟ್ಯಾಂಕ್, ಪಂಪ್ ಮೂರನ್ನೂ ಇದರಲ್ಲೇ ಮುಗಿಸಬಹುದು. ಹೊಸದು ತರುವ ಮಾತು ಬೇಡ.

ಗೋಣಿಕೊಪ್ಪ ಮಾವ: ಎಂ-ಸೀಲ್ ಇರುವಾಗ ಇದೆಲ್ಲ ಯಾಕೆ?

ಸುಂಟಿಕೊಪ್ಪ ಅಣ್ಣ: ಮಾವ, ಸ್ಕಿಮ್ಮರ್ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಎಂ-ಸೀಲ್‌ನಂಥ ಎಪಾಕ್ಸಿ ಅಂಟು ಅದರ ಜೊತೆ ಬಗ್ಗುವುದಿಲ್ಲ. ಅಂಚಿನಲ್ಲಿ ಏಳುತ್ತದೆ. ಬಾವ, ನಿಮ್ಮ ವಿಡಿಯೋದವರು ಹಿಮ ಬೀಳುವ ದೇಶದವರು. ಅಲ್ಲಿ ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಶೇ 9ರಷ್ಟು ಹಿಗ್ಗುತ್ತದೆ, ಪ್ಲಾಸ್ಟಿಕ್ ಸೀಳುತ್ತದೆ. ನಮ್ಮದು ಬರೆ (ಇಳಿಜಾರು) ಕಡೆ ಮಣ್ಣು ಕೂತು ಒಡೆದದ್ದು.

ಬೆಂಗಳೂರು ಬಾವ: ಹೇಗೆ ಒಡೆದರೇನು, ಬಿರುಕು ಬಿರುಕೇ ಅಲ್ವಾ?

ಸುಂಟಿಕೊಪ್ಪ ಅಣ್ಣ: ಮಣ್ಣು ಇನ್ನೂ ಕೂರುತ್ತಿದ್ದರೆ ಇವತ್ತು ಹಚ್ಚಿದ್ದು ಮುಂದಿನ ಮಳೆಗಾಲಕ್ಕೆ ಪಕ್ಕದಲ್ಲೇ ಸೀಳುತ್ತದೆ. ಮೊದಲು ಆ ಮೂಲೆಯ ಚರಂಡಿ ಸರಿ ಮಾಡಬೇಕು.

ಸಣ್ಣಕ್ಕ: ರೀ, ಸೋರುವುದು ಸ್ಕಿಮ್ಮರ್‌ನಲ್ಲೇ ಅಂತ ಯಾರು ನೋಡಿದ್ದಾರೆ? ಬಿಸಿಲಿಗೆ ಆರಿದ್ದೂ ಇರಬಹುದಲ್ಲ.

ಸುಂಟಿಕೊಪ್ಪ ಅಣ್ಣ: ನೋಡಿದ್ದೇನೆ ಅಕ್ಕ. ಪೂಲಿನ ಮೆಟ್ಟಿಲ ಮೇಲೆ ಬಕೆಟ್ ಇಟ್ಟು, ಅದರೊಳಗೆ ಪೂಲಿನ ಮಟ್ಟಕ್ಕೆ ನೀರು ತುಂಬಿಸಿ, ಒಳಗೂ ಹೊರಗೂ ಗುರುತು ಹಾಕಿದೆ. ಆರುವುದಾದರೆ ಎರಡೂ ಒಂದೇ ಸಮ ಇಳಿಯಬೇಕು. 24 ಗಂಟೆ ಬಿಟ್ಟು ನೋಡಿದರೆ ಪೂಲಿನದ್ದು ಜಾಸ್ತಿ ಇಳಿದಿತ್ತು. ಆಮೇಲೆ ನೀರು ಸ್ಕಿಮ್ಮರ್ ಬಾಯಿಯಿಂದ ಕೆಳಗೆ ಹೋಗಲಿಲ್ಲ, ಅಲ್ಲೇ ನಿಂತಿತು. ಮತ್ತೆ ತುಂಬಿಸಿ, ಪಂಪ್ ನಿಲ್ಲಿಸಿ, ಬಿರುಕಿನ ಹತ್ತಿರ ಬಟ್ಟೆಯ ನೀಲಿ ಎರಡು ಹನಿ ಬಿಟ್ಟೆ. ಬಿರುಕು ಅದನ್ನು ಎಳೆದುಕೊಂಡಿತು.

ಇಲ್ಲಿಗೆ ಸೋರಿಕೆಯ ಬಗ್ಗೆ ಮಾತು ನಿಲ್ಲಬೇಕಿತ್ತು. ಅಷ್ಟರಲ್ಲಿ ನಮ್ಮ ಪುಟ್ಟಿ ಬಂದಳು. ವಿರಾಜಪೇಟೆ ಡೆಂಟಲ್ ಕಾಲೇಜಿನಲ್ಲಿ ಓದಿದವಳು. ಗುಂಪಿನಲ್ಲಿ ಅಪರೂಪಕ್ಕೆ ಬರೆಯುತ್ತಾಳೆ, ಬರೆದರೆ ಉದ್ದ.

ಡಾಕ್ಟರ್ ಪುಟ್ಟಿ: ಬಾವ, ಇದು ನಮ್ಮ ಸಾಮಾನು! ಮುರಿದ ಹಲ್ಲಿನ ಸೆಟ್ ಜೋಡಿಸಲು ಇದೇ ಜಾತಿಯ ಪುಡಿ, ಲಿಕ್ವಿಡ್ ಬಳಸುತ್ತೇವೆ. ಲಿಕ್ವಿಡ್ ಅಂದರೆ ಮೀಥೈಲ್ ಮೆಥಾಕ್ರಿಲೇಟ್. ಪುಡಿ ಅದರದ್ದೇ ಗಟ್ಟಿಯಾದ ರೂಪ. ಕಲಸಿದಾಗ ಮೊದಲು ಮರಳು ಮರಳು, ಆಮೇಲೆ ನೂಲು ನೂಲು, ಆಮೇಲೆ ಚಪಾತಿ ಹಿಟ್ಟಿನ ಹಾಗೆ. ಹಿಟ್ಟಾದ ಮೇಲೆ ಹಚ್ಚಿದರೆ ಬಿರುಕಿನೊಳಗೆ ಇಳಿಯುವುದಿಲ್ಲ, ಮೇಲೇ ಕೂರುತ್ತದೆ. ವಿಡಿಯೋದಲ್ಲಿ ಇದನ್ನು ಹೇಳುವುದೇ ಇಲ್ಲ.

ಗೋಣಿಕೊಪ್ಪ ಮಾವ: ಹಾಗಾದರೆ ಹೇಗೆ ಹಚ್ಚುವುದು?

ಡಾಕ್ಟರ್ ಪುಟ್ಟಿ: ಪೂಲಿನ ನೀರು ಸ್ಕಿಮ್ಮರ್‌ನಿಂದ ಕೆಳಗೆ ಇಳಿಸಿ ಚೆನ್ನಾಗಿ ಒಣಗಿಸಬೇಕು. ತೇವ ಇದ್ದರೆ ಹಿಡಿಯುವುದಿಲ್ಲ. ಬಿರುಕನ್ನು ಅರದಿಂದ ಸ್ವಲ್ಪ ಅಗಲ ಮಾಡಿ, ಸುತ್ತ ಮರಳು ಕಾಗದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ. ಮೊದಲು ಬರೀ ಲಿಕ್ವಿಡ್ ಸವರಿ, ಪ್ಲಾಸ್ಟಿಕ್ ಮೆತ್ತಗಾಗಲಿ. ಆಮೇಲೆ ಪುಡಿ ಉದುರಿಸಿ ಲಿಕ್ವಿಡ್ ಹನಿಸಿ, ಮತ್ತೆ ಪುಡಿ, ಮತ್ತೆ ಹನಿ, ತೆಳ್ಳಗೆ. ಒಂದೇ ಸಲ ದಪ್ಪ ಹಾಕಿದರೆ ಬಿಸಿ ಏರಿ ಒಳಗೆ ಗುಳ್ಳೆ ಬರುತ್ತದೆ. ಚಳಿ ಇದ್ದರೆ ಗಟ್ಟಿಯಾಗುವುದೂ ನಿಧಾನ. ಮಧ್ಯಾಹ್ನ ಮಾಡಿ.

ಸುಂಟಿಕೊಪ್ಪ ಅಣ್ಣ: ಅದಕ್ಕೂ ಮೊದಲು ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆಯುತ್ತೇನೆ. ಇಲ್ಲದಿದ್ದರೆ ಅದು ಮುಂದಕ್ಕೆ ಓಡುತ್ತದೆ.

ಡಾಕ್ಟರ್ ಪುಟ್ಟಿ: ಸರಿ ಅಣ್ಣ. ಆದರೆ ಪಂಪ್ ರೂಮಿನಲ್ಲಿ ಆ ಬಾಟಲಿ ಇಡಬೇಡಿ. ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಅಲ್ಲೇ ಕ್ಲೋರಿನ್ ಪುಡಿಯ ಡಬ್ಬಿ ಇದೆ, ಅದರ ಮೇಲೆ ಚೆಲ್ಲಿದರಂತೂ ಬೆಂಕಿಯೇ. ತೆಳ್ಳನೆ ರಬ್ಬರ್ ಗ್ಲೌಸ್ ನಂಬಬೇಡಿ, ಲಿಕ್ವಿಡ್ ತೂರಿ ಬರುತ್ತದೆ. ಕೈಗೆ ಅಲರ್ಜಿ ಬಂದ ಟೆಕ್ನಿಷಿಯನ್‌ಗಳನ್ನು ನೋಡಿದ್ದೇನೆ.

ಬೆಂಗಳೂರು ಬಾವ: ನೋಡಿದಿರಾ? ಡಾಕ್ಟರೇ ಒಪ್ಪಿದರು. ಮೂರಕ್ಕೂ ಹಚ್ಚೋಣ.

ಡಾಕ್ಟರ್ ಪುಟ್ಟಿ: ಮೂರಕ್ಕೂ ಅಂತ ಎಲ್ಲಿ ಹೇಳಿದೆ? ಸ್ಕಿಮ್ಮರ್ ಎಬಿಎಸ್ ಪ್ಲಾಸ್ಟಿಕ್, ಅದಕ್ಕೆ ಹಿಡಿಯುತ್ತದೆ. ಪಿವಿಸಿಗೂ ಹಿಡಿಯುತ್ತದೆ. ಪಾಲಿಥೀನ್, ಪಾಲಿಪ್ರೊಪಿಲೀನ್‌ಗೆ ಹಿಡಿಯುವುದಿಲ್ಲ. ಚೂರು ಕತ್ತರಿಸಿ ನೀರಿಗೆ ಹಾಕಿ, ತೇಲಿದರೆ ಆಸೆ ಬಿಡಿ. ತೋಟದ ಸ್ಪ್ರಿಂಕ್ಲರ್‌ನ ಕಪ್ಪು ಪೈಪ್ ಹಾಗೆಯೇ ತೇಲುತ್ತದೆ.

ಬೆಂಗಳೂರು ಬಾವ: ಪಂಪಿನಿಂದ ಮುರಿದ ಚೂರನ್ನು ಹೋದ ಸಲ ಬಂದಾಗ ಕೆರೆಗೆ ಎಸೆದೆ. ಮುಳುಗಿತು. ಈಗ?

ಸುಂಟಿಕೊಪ್ಪ ಅಣ್ಣ: ಬಾವ, ಪಂಪಿನ ಬಾಡಿ ಗಾಜಿನ ನಾರು ಬೆರೆಸಿದ ಪಾಲಿಪ್ರೊಪಿಲೀನ್. ಗಾಜಿನ ಭಾರಕ್ಕೆ ಮುಳುಗುತ್ತದೆ, ಅಂಟು ಮಾತ್ರ ಹಿಡಿಯುವುದಿಲ್ಲ. ಒಳಗೆ ಅಕ್ಷರ ಒತ್ತಿರುತ್ತಾರೆ. ಪಿಪಿ ಅಂತ ಇದ್ದರೆ ಮುಗಿಯಿತು, ನಮ್ಮದರಲ್ಲಿ ಹಾಗೇ ಇದೆ.

(ಈ ಉತ್ತರ ಓದಿ ನನಗೆ ಅಣ್ಣನ ಮೇಲೆ ಗೌರವ ಜಾಸ್ತಿಯಾಯಿತು. ಬಾವ ಅರ್ಧ ಗಂಟೆ ಟೈಪ್ ಮಾಡುತ್ತಲೇ ಇದ್ದರು.)

ಬೆಂಗಳೂರು ಬಾವ: ಪಂಪ್ ಬಿಡಿ. ಟ್ಯಾಂಕ್ ಎಫ್‌ಆರ್‌ಪಿ, ಅಂದರೆ ಫೈಬರ್ ಸೇರಿಸಿದ ಪ್ಲಾಸ್ಟಿಕ್. ಫೈಬರ್‌ಗೆ ಅಕ್ರಿಲಿಕ್ ಹಿಡಿಯುತ್ತದೆ ಅಂತ ಡಬ್ಬಿಯ ಮೇಲೇ ಬರೆದಿದೆ. ವಾಲ್ವಿನ ಕತ್ತಿನ ಹತ್ತಿರ ಕೂದಲಿನಷ್ಟು ಬಿರುಕು. ಅದಕ್ಕೆ ಇಡೀ ಟ್ಯಾಂಕ್ ಬದಲಿಸಬೇಕಾ?

ಕುಶಾಲನಗರ ತಮ್ಮ: ಹಿಡಿಯುತ್ತದೋ ಇಲ್ಲವೋ ಅನ್ನುವ ಪ್ರಶ್ನೆಯೇ ಅಲ್ಲ ಬಾವ. ಸ್ಕಿಮ್ಮರ್‌ನಲ್ಲಿ ನೀರು ಸುಮ್ನೆ ನಿಂತಿರುತ್ತದೆ. ಟ್ಯಾಂಕಿನೊಳಗೆ ಪಂಪ್ ಒತ್ತುತ್ತಿರುತ್ತದೆ. 1 ಬಾರ್ ಒತ್ತಡ ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ನಮ್ಮ ಟ್ಯಾಂಕ್ 60 ಸೆಂ.ಮೀ. ಅಗಲ. ಲೆಕ್ಕ ಹಾಕಿ, ಅದರ ತಲೆಯನ್ನು ಮೇಲಕ್ಕೆ ಒತ್ತುವ ಬಲ 2,800 ಕೆ.ಜಿ.ಗೂ ಜಾಸ್ತಿ. ಒಳಗೆ ಗಾಳಿ ಸೇರಿದ್ದರೆ ಇನ್ನೂ ಅಪಾಯ. ನೀರು ಬರೀ ಸೋರುತ್ತದೆ, ಒತ್ತಿಟ್ಟ ಗಾಳಿ ಸಿಡಿಯುತ್ತದೆ.

ಸಣ್ಣಕ್ಕ: ರೀ, ಆ ಟ್ಯಾಂಕಿನ ಪಕ್ಕದಲ್ಲೇ ಅಲ್ವಾ ಗೆಸ್ಟ್‌ಗಳ ಮಕ್ಕಳು ಟವೆಲ್ ಒಣಗಲು ಹಾಕುವುದು?

ಬೆಂಗಳೂರು ಬಾವ: ಸರಿ. ಟ್ಯಾಂಕ್, ಪಂಪಿನ ಬಾಡಿ ಹೊಸದು. ಸ್ಕಿಮ್ಮರ್‌ಗೆ ನನ್ನ ಪುಡಿ. ಖರ್ಚು ನಾಲ್ಕು ಪಾಲು.

ಗೋಣಿಕೊಪ್ಪ ಮಾವ: ನಾನು ಆ ಪೂಲಿಗೆ ಕಾಲೂ ಇಟ್ಟಿಲ್ಲ.

ಸಣ್ಣಕ್ಕ: ಬಾಡಿಗೆಯ ಪಾಲು ಮಾತ್ರ ತಿಂಗಳು ತಿಂಗಳು ಬರುತ್ತದಲ್ಲ ಮಾವ.

ಸುಂಟಿಕೊಪ್ಪ ಅಣ್ಣ: ಡಿಸೆಂಬರ್ ರಜೆಗೆ ರೂಮ್ ಬುಕ್ ಆಗಿವೆ. ಟ್ಯಾಂಕ್ ಬರುವವರೆಗೆ ಪಂಪ್ ರೂಮಿಗೆ ಬೀಗ, ಮೋಟರ್ ಬಂದ್. ಪೂಲ್ ಇಲ್ಲ ಅಂತ ಅವರಿಗೆ ಇವತ್ತೇ ಫೋನ್ ಮಾಡುತ್ತೇನೆ.

ಗೋಣಿಕೊಪ್ಪ ಮಾವ: ಕೊಡುತ್ತೇನೆ, ಕೊಡುತ್ತೇನೆ. ಪುಟ್ಟಿ, ನಮ್ಮ ಮನೆ ಮೇಲಿನ ಕಪ್ಪು ನೀರಿನ ಟ್ಯಾಂಕ್ ಬುಡದಲ್ಲಿ ಸೀಳಿದೆ. ಉಳಿದ ಪುಡಿ ಅದಕ್ಕೆ ಹಾಕಬಹುದಾ?

ಡಾಕ್ಟರ್ ಪುಟ್ಟಿ: ಅದು ತೇಲುವ ಜಾತಿ ಮಾವ. ಬಿಸಿ ಗಾಳಿಯಲ್ಲಿ ವೆಲ್ಡ್ ಮಾಡುವವರನ್ನು ಕರೆಸಿ.